ಕಲ್ಲಿದ್ದಲು ಗಣಿ ಹತ್ತಿರದ ಬೋರ್‌ವೆಲ್ ನೀರು: ಏನೇನು ಟೆಸ್ಟ್ ಮಾಡಿಸಬೇಕು?

ಪಿಂಪ್ರಿ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ನಾವು ಪುಣೆಯಲ್ಲಿದ್ದೇವೆ, ತಂಗಿ ಇರುವುದು ಚಂದ್ರಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಹತ್ತಿರದಲ್ಲೇ ದೊಡ್ಡ ಕಲ್ಲಿದ್ದಲು ಗಣಿ ಇದೆ. ಬೋರ್‌ವೆಲ್ ನೀರು ಕೊಡಕ್ಕೆ ತುಂಬುವಾಗ ತಿಳಿಯಾಗೇ ಇರುತ್ತದೆ, ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೆಂಪು ಗಸಿ ಕೂತಿರುತ್ತದೆ. ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಗಣಿಯವರು ಮಾಡಿಸಿದ ರಿಪೋರ್ಟ್‌ನಲ್ಲಿ ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) 7.4, ನೀರು ಚೆನ್ನಾಗಿದೆ ಅಂತ ಇದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನನಗೆ ನಿದ್ದೆ ಬರುತ್ತಿಲ್ಲ. ಟಿಡಿಎಸ್ ಮೀಟರ್ ತಂದು ನೋಡಿದರೆ ಸಾಕಾ?

ನೀರು ನೆಲ:
ಸಾಕಾಗುವುದಿಲ್ಲ ಅಕ್ಕ. ಆ ಮೀಟರ್ ನೀರಿನಲ್ಲಿ ಒಟ್ಟು ಎಷ್ಟು ಲವಣ ಇದೆ ಅಂತ ಅಂದಾಜು ಹೇಳುತ್ತದೆ, ಯಾವ ಲವಣ ಅಂತ ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿದ್ದರೂ ಅದಕ್ಕೆ ಗೊತ್ತಾಗದು.

ಬರೀ ಪಿಎಚ್ ನೋಡಿ ನೀರು ಚೆನ್ನಾಗಿದೆ ಅನ್ನುವುದೂ ತಪ್ಪು. ಕಲ್ಲಿದ್ದಲಿನ ಜೊತೆ ಪೈರೈಟ್ ಇರುತ್ತದೆ, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜ. ಅಗೆದು ಹೊರಗೆ ಹಾಕಿದಾಗ ಗಾಳಿ, ನೀರು ತಾಗಿ ಆಮ್ಲ ಆಗುತ್ತದೆ. ಮೇಘಾಲಯದ ಕಲ್ಲಿದ್ದಲಿನಲ್ಲಿ ಗಂಧಕ ಜಾಸ್ತಿ, ಅದಕ್ಕೇ ಅಲ್ಲಿನ ಗಣಿ ಪ್ರದೇಶದಲ್ಲಿ ಹೊಳೆಗಳ ನೀರೇ ಆಮ್ಲವಾಗಿದೆ. ಚಂದ್ರಪುರ ಇರುವ ವಿದರ್ಭದ ಕಲ್ಲಿದ್ದಲಿನಲ್ಲಿ ಕಡಿಮೆ. ಆಗುವ ಅಷ್ಟಿಷ್ಟು ಆಮ್ಲವನ್ನೂ ಕಲ್ಲಿನಲ್ಲಿರುವ ಸುಣ್ಣದ ಅಂಶ ತಿಂದುಬಿಡಬಹುದು, ಪಿಎಚ್ ಅಲ್ಲೇ ನಿಲ್ಲುತ್ತದೆ. ಆದರೆ ಆ ಗಂಧಕದಿಂದಾದ ಸಲ್ಫೇಟ್ ನೀರಿನಲ್ಲಿ ಉಳಿಯುತ್ತದೆ, ಗಡಸುತನವೂ ಏರುತ್ತದೆ. ಮೊದಲು ಸಲ್ಫೇಟ್ ನೋಡಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 400ರವರೆಗೆ. ಜೊತೆಗೆ ಗಡಸುತನ, ಕಬ್ಬಿಣ, ಮ್ಯಾಂಗನೀಸ್, ಫ್ಲೋರೈಡ್, ನೈಟ್ರೇಟ್, ಸೀಸ, ಆರ್ಸೆನಿಕ್ ಮಾಡಿಸಿ.

ಕೋಥ್ರೂಡ್ ಲ್ಯಾಬ್:
ಸ್ಯಾಂಪಲ್ ತೆಗೆಯುವುದರಲ್ಲೇ ಅರ್ಧ ರಿಪೋರ್ಟ್ ಕೆಡುತ್ತದೆ. ನೀವು ಹೇಳಿದ ಕೆಂಪು ಗಸಿ ಕಬ್ಬಿಣವೇ ಇರಬೇಕು. ನೆಲದೊಳಗೆ ಕರಗಿರುತ್ತದೆ, ಗಾಳಿ ತಾಗಿದ ಮೇಲೆ ಕೆಳಗೆ ಕೂರುತ್ತದೆ. ಸುಮ್ನೆ ಒಂದು ಬಾಟಲಿಯಲ್ಲಿ ಹಿಡಿದು ಎರಡು ದಿನ ಬಿಟ್ಟು ಲ್ಯಾಬ್‌ಗೆ ಕೊಟ್ಟರೆ ಕಬ್ಬಿಣ ತಳದಲ್ಲೇ ಅಂಟಿಕೊಂಡಿರುತ್ತದೆ, ಮೇಲಿನ ತಿಳಿ ನೀರು ತೆಗೆದು ಟೆಸ್ಟ್ ಮಾಡಿದರೆ ಕಡಿಮೆ ಬಂದೇ ಬರುತ್ತದೆ. ಲೋಹಗಳಿಗೆ ನೈಟ್ರಿಕ್ ಆಮ್ಲ ಹಾಕಿಟ್ಟ ಬಾಟಲಿಯನ್ನು ಲ್ಯಾಬ್‌ನಿಂದಲೇ ಕೇಳಿ ತನ್ನಿ. ಅದನ್ನು ತೊಳೆಯಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮೋಟರ್ ಹಾಕಿದ ತಕ್ಷಣ ಹಿಡಿಯಬೇಡಿ, ಪೈಪಿನಲ್ಲಿ ನಿಂತ ನೀರೆಲ್ಲ ಹೋಗಲಿ. ಟ್ಯಾಂಕಿನ ನೀರಂತೂ ಬೇಡವೇ ಬೇಡ.

ಹಳೇ ಧಾರವಾಡದವ:
ಇಬ್ಬರೂ ಸರಿಯಾಗೇ ಹೇಳಿದ್ದಾರೆ, ಆದರೆ ಒಂದೇ ಬಾವಿಯ ಒಂದು ರಿಪೋರ್ಟ್ ಇಟ್ಟುಕೊಂಡು ಏನೂ ಸಾಬೀತು ಮಾಡಲಾಗದು. ಚಂದ್ರಪುರದ ಕಡೆ ಗಣಿ ಇಲ್ಲದ ಊರಲ್ಲೂ ಫ್ಲೋರೈಡ್ ಇದೆ, ಗಡಸು ನೀರಿದೆ. ಇದು ಮೊದಲಿಂದಲೂ ಹೀಗೇ ಅಂತ ಗಣಿಯವರು ಅಂದುಬಿಟ್ಟರೆ ಏನು ಉತ್ತರ ಕೊಡುತ್ತೀರಿ? ಗಣಿಯಿಂದ ದೂರ, ಮೇಲ್ಗಡೆ ಇರುವ ಒಂದು ಬಾವಿಯನ್ನೂ ಸೇರಿಸಿ. ಅದೇ ದಿನ, ಅದೇ ಲ್ಯಾಬ್. ನೀರಿನ ಮಟ್ಟವನ್ನೂ ಅಳೆದು ಬರೆದಿಡಿ. ಗಣಿಯಿಂದ ನೀರು ಪಂಪ್ ಮಾಡುವಾಗ ಸುತ್ತಲಿನ ಅಂತರ್ಜಲ ಗಣಿ ಹೊಂಡದ ಕಡೆಗೇ ಹರಿಯುತ್ತದೆ. ಹಾಗಾಗಿ ಹೊಂಡಕ್ಕಿಂತ, ಅಗೆದು ಹೊರಗೆ ಹಾಕಿದ ಮಣ್ಣಿನ ಗುಡ್ಡೆ ಮತ್ತು ಪಂಪ್ ನೀರು ಬಿಡುವ ನಾಲೆಯ ಪಕ್ಕದ ಬಾವಿಗಳ ಮೇಲೆ ಕಣ್ಣಿಡಿ.

ಗಣಿಗೆ ಕೊಡುವ ಪರಿಸರ ಅನುಮತಿಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 4 ಸಲ, ಮೇ, ಆಗಸ್ಟ್, ನವೆಂಬರ್, ಜನವರಿಯಲ್ಲಿ ಅಂತರ್ಜಲ ನೋಡಬೇಕು ಅಂತ ಷರತ್ತಿರುತ್ತದೆ. 6 ತಿಂಗಳಿಗೊಮ್ಮೆ ವರದಿಯನ್ನೂ ಕೊಡಬೇಕು. ಅದನ್ನು ಕೇಳಿ ಪಡೆಯಿರಿ, ನೀವೂ ಅದೇ ತಿಂಗಳಲ್ಲಿ ಟೆಸ್ಟ್ ಮಾಡಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ರಾಜ್ಯದ ಭೂಜಲ ಇಲಾಖೆಯ ಮುಖ್ಯ ಕಚೇರಿ ನಿಮ್ಮ ಪುಣೆಯಲ್ಲೇ, ಶಿವಾಜಿನಗರದಲ್ಲಿದೆ. ಆ ತಾಲ್ಲೂಕಿನ ವೀಕ್ಷಣಾ ಬಾವಿಗಳ ಹಳೆಯ ಅಂಕಿಅಂಶ ಕೇಳಿ ಅರ್ಜಿ ಹಾಕಿ.

ಪಿಂಪ್ರಿ ಕನ್ನಡತಿ:
ತುಂಬಾ ಥ್ಯಾಂಕ್ಸ್. ತಂಗಿಗೆ ಎಲ್ಲ ಓದಿ ಹೇಳಿದೆ, ಮೇಲ್ಗಡೆ ಒಂದು ಹೊಲದ ಬಾವಿ ಇದೆಯಂತೆ. ರಿಪೋರ್ಟ್ ಬರುವವರೆಗೆ ನೀರನ್ನು ಕುದಿಸಿ ಕುಡಿದರೆ ಪರವಾಗಿಲ್ವಾ?

ನೀರು ನೆಲ:
ಕುದಿಸಿದರೆ ರೋಗಾಣು ಸಾಯುತ್ತವೆ ಅಷ್ಟೇ. ಫ್ಲೋರೈಡ್, ಸಲ್ಫೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವು ಜಾಸ್ತಿಯೇ ಆಗುತ್ತವೆ. ಮಕ್ಕಳಿಗೆ ಸದ್ಯ ಬೇರೆ ಕಡೆಯ ನೀರು ಕೊಡಿ.