ಫೋನ್ ನೋಡಿ ಕೊಡ ಬರೆಯುವ ಮಕ್ಕಳಿಗೆ ಡಿಜಿಟಲ್ ಯಾವಾಗ ಕಲಿಸಬೇಕು?

ಇದ್ದಿಲುಕಡ್ಡಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಚಿತ್ರಕಲಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಓದಿದ್ದು ಮೈಸೂರಿನ ಕಾವಾ ಚಿತ್ರಕಲಾ ಕಾಲೇಜಿನಲ್ಲಿ. ಈ ವರ್ಷ ನನಗೆ ಬಿವಿಎ (ದೃಶ್ಯಕಲಾ ಪದವಿ) ಮೊದಲ ವರ್ಷದ 22 ಮಕ್ಕಳು ಸಿಕ್ಕಿದ್ದಾರೆ. ವಾರಕ್ಕೆ ಮೂರು ದಿನ ಡ್ರಾಯಿಂಗ್, ಎರಡು ದಿನ ಪೇಂಟಿಂಗ್, ಶನಿವಾರ ಬೆಳಿಗ್ಗೆ ಡಿಜಿಟಲ್. ಕಂಪ್ಯೂಟರ್ 8 ಇವೆ, ಆನ್ ಆಗುವುದು 6. ಪೆನ್ ಟ್ಯಾಬ್ಲೆಟ್ 4.

ಕಳೆದ ಮಂಗಳವಾರ ಸ್ಟಿಲ್ ಲೈಫ್‌ಗೆ ಒಂದು ಹಿತ್ತಾಳೆ ಕೊಡ, ಎರಡು ಬದನೆಕಾಯಿ, ಹಿಂದೆ ಮಡಿಸಿದ ಕರೀ ಕಂಬಳಿ ಇಟ್ಟೆ. ಕಿಟಕಿಯ ಬೆಳಕು ಎಡಗಡೆಯಿಂದ ಚೆನ್ನಾಗಿ ಬೀಳುತ್ತಿತ್ತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಐದು ಜನ ಫೋನಿನಲ್ಲಿ ಫೋಟೊ ತೆಗೆದುಕೊಂಡು, ಕೊಡಕ್ಕೆ ಬೆನ್ನು ಹಾಕಿ, ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ಅವರಲ್ಲಿ ಒಬ್ಬ ಎರಡು ಬೆರಳಲ್ಲಿ ಫೋಟೊ ಹಿಗ್ಗಿಸಿ ಕೊಡದ ಹೊಟ್ಟೆಯ ಮೇಲಿನ ಹೊಳಪನ್ನು ಬರೆಯುತ್ತಿದ್ದ. ಹೊಳಪು ನಿಜಕ್ಕೂ ಸೊಗಸಾಗಿ ಬಂದಿತ್ತು. ಆದರೆ ಕೊಡದ ಬಾಯಿ ಒಂದು ಕಡೆ ವಾಲಿತ್ತು, ತಳ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. "ತಳ ಯಾಕಪ್ಪಾ ಹೀಗೆ?" ಎಂದೆ. "ಮೇಜಿನ ಮೇಲೆ ಕೂತಿದೆಯಲ್ಲ ಮೇಡಂ, ಮೇಜು ನೇರ ಇದೆ" ಎಂದ.

ಅದೇ ಹುಡುಗ ಶನಿವಾರ ಟ್ಯಾಬ್ಲೆಟ್ ಮುಂದೆ ಕೂತ. ಕೊಡದ ಕತ್ತಿನಿಂದ ಹೊಟ್ಟೆಗೆ ಇಳಿಯುವ ಒಂದೇ ಒಂದು ಗೆರೆ. ನಾನು ಹಿಂದೆ ನಿಂತು ಎಣಿಸಿದೆ: 17 ಸಲ ಎಳೆದು, 17 ಸಲ ಕಂಟ್ರೋಲ್ ಝಡ್ ಒತ್ತಿ ಅಳಿಸಿದ. ಉಳಿಸಿಕೊಂಡದ್ದು 18ನೆಯದು. ನನ್ನ ಕಣ್ಣಿಗೆ ಮೂರನೆಯದೇ ಚೆನ್ನಾಗಿತ್ತು, ಅದು ಹೋಗಿಯೇಬಿಟ್ಟಿತ್ತು.

ಹಿರಿಯ ಸಹೋದ್ಯೋಗಿಗಳು "ಮೂರನೇ ವರ್ಷದವರೆಗೂ ಕಂಪ್ಯೂಟರ್ ಮುಟ್ಟಿಸಬೇಡ, ಕೈ ಕೂರಲಿ" ಎನ್ನುತ್ತಾರೆ. ಪೋಷಕರ ಸಭೆಯಲ್ಲಿ ಎಲ್ಲರೂ ಕೇಳುವುದು "ಆನಿಮೇಶನ್ ಕೆಲಸ ಸಿಗುತ್ತಾ ಮೇಡಂ?" ಎಂದು. ಜೋಳದ ಹೊಲ ಮಾರಿ ಮಗಳನ್ನು ಸೇರಿಸಿದವರೊಬ್ಬರು ಹಾಗೆ ಕೇಳಿದಾಗ ಮೂರನೇ ವರ್ಷದವರೆಗೆ ಕಾಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಲಿಸಿ ಅನುಭವ ಇರುವವರು ಹೇಳಿ, ಮೊದಲ ವರ್ಷ ಡಿಜಿಟಲ್ ನಿಲ್ಲಿಸಲಾ? ನಿಲ್ಲಿಸದಿದ್ದರೆ ಈ ಅಳಿಸುವ ಚಟಕ್ಕೆ ಏನು ಮಾಡಲಿ?


ಹಳೇಬೋರ್ಡು, ಧಾರವಾಡ ಬರೆದದ್ದು:

ತಂಗಿ, ನೀವು ಬರದದ್ದು ಓದಿ ಎರಡು ದಿನ ತಲ್ಯಾಗ ಅದ ಓಡ್ಲಿಕತ್ತಿತ್ತು. ನಾನು 31 ವರ್ಷ ಡ್ರಾಯಿಂಗ ಕಲಿಸಿ ನಿವೃತ್ತ ಆದಾಂವ. ಕಲ್ತದ್ದು ಇಲ್ಲೇ ಧಾರವಾಡದಾಗ, ಹಾಲಭಾವಿ ಮಾಸ್ತರರು ಕಟ್ಟಿದ ಚಿತ್ರಕಲಾ ಸಾಲ್ಯಾಗ. ಕಂಪ್ಯೂಟರ ನನಗ ಗೊತ್ತಿಲ್ಲ. ಕೊಡದ ಬಗ್ಗೆ ಹೇಳ್ತೀನಿ.

ತಳ ನೆಟ್ಟಗ ತೆಗದ ಹುಡುಗಗ ಬೈಬ್ಯಾಡ್ರಿ. ಅವಾ ಸುಳ್ಳು ಹೇಳಿಲ್ಲ, ತನಗ ತಿಳಿದದ್ದು ತೆಗದಾನ. ಕಂಡದ್ದು ತೆಗೀಲಿಕ್ಕೆ ಇನ್ನೂ ಬಂದಿಲ್ಲ, ಅಷ್ಟ. ಮೆಸ್ಸಿನ್ಯಾಗಿಂದ ಒಂದು ಸ್ಟೀಲ್ ಗ್ಲಾಸ ತರಸ್ರಿ. ಒಂದು ಕಣ್ಣು ಮುಚ್ಚಿ, ಗ್ಲಾಸಿನ ಬಾಯಿ ಸರೀ ಕಣ್ಣಿನ ಮಟ್ಟಕ್ಕ ಹಿಡೀಲಿ. ಬಾಯಿ ಬರೇ ಒಂದು ಗೆರಿ ಆಗಿ ಕಾಣ್ತದ. ಈಗ ಸಾವಕಾಶ ಕೆಳಗ ಇಳಸ್ಲಿ. ಗೆರಿ ತೆರಕೋತ ತೆರಕೋತ ಹೋಗಿ ಎಲಿ ಆಗ್ತದ, ಆಮ್ಯಾಲ ತತ್ತಿ ಆಗ್ತದ, ಇನ್ನೂ ಇಳಸಿದ್ರ ದುಂಡಗ ಆಗ್ತದ. ಆಗ ಕೇಳ್ರಿ: ಮೇಜಿನ ಮ್ಯಾಲ ಇಟ್ಟ ಕೊಡದ ಬಾಯಿ ಕಣ್ಣಿನ ಮಟ್ಟಕ್ಕ ಹತ್ರ ಅದನೋ, ತಳ ಹತ್ರ ಅದನೋ? ತಳ ಇನ್ನೂ ಕೆಳಗ ಅದ. ಹಂಗಾದ್ರ ತಳದ ಬಾಗು ಬಾಯಿಗಿಂತ ಹೆಚ್ಚಿರಬೇಕು. ಇಷ್ಟು ಅವನ ಬಾಯಿಂದನ ಬರಲಿ. ನೀವು ಹೇಳಿಕೊಟ್ರ ನಾಳೆ ಮರೀತಾನ, ಗ್ಲಾಸ ಹೇಳಿಕೊಟ್ರ ಚಹಾ ಕುಡಿಯೂವಾಗೆಲ್ಲ ನೆನಪಾಗ್ತದ.

ಅಳಸೂ ಚಟ ಹೊಸಾದಲ್ಲ. ನಮ್ಮ ಕಾಲಕ್ಕೂ ರಬ್ಬರ ಇತ್ತು. ಮೊದಲ ಆರು ವಾರ ನಾನು ಎಲ್ಲಾರ ರಬ್ಬರ ಇಸಕೊಂಡು ಡ್ರಾವರಿನ್ಯಾಗ ಇಟ್ಟು ಕೀಲಿ ಹಾಕ್ತಿದ್ದೆ. ತಪ್ಪಿದ ಗೆರಿ ಹಂಗ ಇರಲಿ, ಅದರ ಬಾಜೂಕ ಇನ್ನೊಂದು ಹಾಕ್ರಿ ಅಂತಿದ್ದೆ. ಎಷ್ಟು ತಪ್ಪೇನಿ, ಯಾವ ಕಡೆ ತಪ್ಪೇನಿ ಅನ್ನೂದು ಗೊತ್ತಾಗಬೇಕಂದ್ರ ತಪ್ಪಿದ್ದು ಕಣ್ಣೆದುರಿಗೇ ಇರಬೇಕು. ಅದನ್ನ ಅಳಸಿದ್ರ ಎರಡನೇ ಗೆರಿನೂ ಕತ್ತಲದಾಗ ಎಳದಂಗ. ಆರು ವಾರದ ಮ್ಯಾಲ ಡ್ರಾವರ ತೆಗದ್ರ ಅರ್ಧ ಹುಡುಗೂರು ರಬ್ಬರ ಕೇಳಲಿಕ್ಕೇ ಬರತಿದ್ದಿಲ್ಲ.

ಇನ್ನೊಂದು ಮಾತು. ಕೂತ ವಸ್ತು ಅಷ್ಟ ಸಾಕಾಗೂದಿಲ್ಲ, ಸಂತಿಗೆ ಕರಕೊಂಡು ಹೋಗ್ರಿ. ಉಳ್ಳಾಗಡ್ಡಿ ತೂಗೂ ಹೆಣ್ಮಗಳು ತಕ್ಕಡಿ ಎತ್ತಿದಾಕಿ ಮತ್ತ ಇಳಸೂದ್ರಾಗ ಚಿತ್ರ ಮುಗೀಬೇಕು. ಅಲ್ಲಿ ಅಳಸೂದಕ್ಕ ಯಾರಿಗೂ ಪುರಸೊತ್ತು ಇರೂದಿಲ್ಲ. ನಮ್ಮ ಚಿತ್ರಕಾರ ಕೆ. ಕೆ. ಹೆಬ್ಬಾರರು ಲಯ ತಿಳ್ಕೊಳ್ಳಿಕ್ಕೆ ಕಥಕ್ ಕಲ್ತವರು. ಅವರ ರೇಖಾಚಿತ್ರದಾಗ ಕುಣಿಯೋರ ಮೈ ಒಂದ ಗೆರಿಯಾಗ ತಿರಗ್ತದ. ಗೆರಿ ಕೈಯಾಗ ಅಷ್ಟ ಇರೂದಿಲ್ಲ ತಂಗಿ, ಭುಜದಾಗ, ಸೊಂಟದಾಗ ಇರ್ತದ. ನಿಮ್ಮ ಹುಡುಗೂರನ್ನ ನಿಂತು ಬರೀಲಿಕ್ಕೆ ಹಚ್ರಿ.


ಮಸಿಮೀನು ಬರೆದದ್ದು:

ಮೇಡಂ, ನಾನು ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡುತ್ತೇನೆ, ವಾರಾಂತ್ಯ ಒಂದು ಕಡೆ ಡಿಜಿಟಲ್ ಪಾಠ ಮಾಡುತ್ತೇನೆ. ದಯವಿಟ್ಟು ನಿಲ್ಲಿಸಬೇಡಿ. ಶನಿವಾರದ ಕ್ಲಾಸನ್ನು ಬೇರೆ ವಿಷಯ ಎಂದು ನಡೆಸುವುದನ್ನು ಮಾತ್ರ ನಿಲ್ಲಿಸಿ. ಮಂಗಳವಾರ ಇದ್ದಿಲಿನಲ್ಲಿ ಬರೆದ ಅದೇ ಕೊಡ ಶನಿವಾರ ಕಂಪ್ಯೂಟರ್ ಪಕ್ಕದ ಸ್ಟೂಲಿನ ಮೇಲೆ ಕೂತಿರಲಿ. ಒಂದೇ ಲೇಯರ್ (ಪದರ), ಒಂದೇ ಬ್ರಷ್, ಬಿಳಿ-ಬೂದು-ಕಪ್ಪು ಮೂರೇ ಟೋನ್. ಝೂಮ್ ಮಾಡುವ ಹಾಗಿಲ್ಲ, ಇಡೀ ಹಾಳೆ ಸ್ಕ್ರೀನಿನಲ್ಲಿ ಕಾಣುತ್ತಲೇ ಇರಬೇಕು. ಕಣ್ಣು ಕಿರಿದು ಮಾಡಿ ನೋಡಿದರೆ ಕೊಡದಲ್ಲಿ ಕಾಣುವುದು ಆ ಮೂರೇ.

ಹಿರಿಯರು ಹೇಳಿದ ಡ್ರಾವರ್ ಕೀಲಿ ನಮ್ಮಲ್ಲೂ ಇದೆ. ಫೋಟೊಶಾಪ್‌ನಲ್ಲಿ ಹಿಸ್ಟರಿ ಸ್ಟೇಟ್ಸ್ ಎಂಬ ಲೆಕ್ಕ, ಅಂದರೆ ಎಷ್ಟು ಹೆಜ್ಜೆ ಹಿಂದೆ ಹೋಗಿ ಅಳಿಸಬಹುದು ಎಂಬುದು, ತಾನಾಗಿ 50 ಇರುತ್ತದೆ, ಪ್ರಿಫರೆನ್ಸಸ್‌ನಲ್ಲಿ ಇಳಿಸಬಹುದು. ಕಾಲೇಜಿಗೆ ದುಡ್ಡಿಲ್ಲದಿದ್ದರೆ ಕ್ರಿತಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್ ಹಾಕಿ, ಪೂರ್ತಿ ಉಚಿತ, ಅದರಲ್ಲೂ ಇದನ್ನು ಕಡಿಮೆ ಮಾಡಬಹುದು. ಆದರೆ ನಾನು ಈಗ ಕಡಿಮೆ ಮಾಡುವುದಕ್ಕಿಂತ ತೋರಿಸುವುದನ್ನೇ ನೆಚ್ಚಿದ್ದೇನೆ. ಕ್ರಿತಾದ 5ನೇ ಆವೃತ್ತಿಯಿಂದ ರೆಕಾರ್ಡರ್ ಇದೆ, ಚಿತ್ರ ಬೆಳೆಯುವುದನ್ನು ವೀಡಿಯೊ ಮಾಡಿಕೊಡುತ್ತದೆ. ಅಳಿಸಿದ ಗೆರೆಗಳೂ ಅದರಲ್ಲಿ ಬಂದು ಹೋಗುತ್ತವೆ. ನಿಮ್ಮ ಹುಡುಗನಿಗೆ ಅವನ 17 ಗೆರೆಗಳನ್ನು ತೋರಿಸಿ.

ಬಣ್ಣದ ವಿಷಯಕ್ಕೆ ಒಂದು ಪ್ರಯೋಗ ಹೇಳುತ್ತೇನೆ, ಇದನ್ನು ಮಾಡಿಸದೆ ನಾನು ಯಾರಿಗೂ ಡಿಜಿಟಲ್ ಪೇಂಟಿಂಗ್ ಶುರು ಮಾಡಿಸುವುದಿಲ್ಲ. ಪ್ಯಾಲೆಟ್ಟಿನಲ್ಲಿ ಪ್ರಷ್ಯನ್ ಬ್ಲೂ, ಲೆಮನ್ ಯೆಲ್ಲೊ ಕಲಸಿ. ಹಸಿರು ಬರುತ್ತದೆ, ಎಲ್ಲರಿಗೂ ಗೊತ್ತು. ಈಗ ಸ್ಕ್ರೀನಿನಲ್ಲಿ ಅಚ್ಚ ನೀಲಿ ತುಂಬಿ, ಅದರ ಮೇಲೆ ಅಚ್ಚ ಹಳದಿಯನ್ನು 50 ಪರ್ಸೆಂಟ್ ಒಪ್ಯಾಸಿಟಿಯಲ್ಲಿ, ಅಂದರೆ ಅರ್ಧ ಪಾರದರ್ಶಕವಾಗಿ, ಹಾಕಿ. ಬರುವುದು ಬೂದು! ಒಪ್ಯಾಸಿಟಿಯನ್ನು 100ಕ್ಕೆ ಏರಿಸಿ ಲೇಯರನ್ನು ಮಲ್ಟಿಪ್ಲೈ (ಎರಡು ಬಣ್ಣಗಳನ್ನು ಗುಣಿಸುವ ಬಗೆ) ಮಾಡಿದರೆ ಕಪ್ಪು. ಮಕ್ಕಳ ಮುಖ ನೋಡಬೇಕು ಆಗ. ಬಣ್ಣದ ಪುಡಿ ಬೆಳಕನ್ನು ನುಂಗಿ ಉಳಿದದ್ದನ್ನು ನಮ್ಮ ಕಣ್ಣಿಗೆ ಬಿಡುತ್ತದೆ. ಪ್ರಷ್ಯನ್ ನೀಲಿ ಎಂದು ನಾವು ಕರೆಯುವ ಪುಡಿ ಸ್ವಲ್ಪ ಹಸಿರನ್ನೂ ಬಿಡುತ್ತದೆ, ಹಳದಿ ಪುಡಿಯೂ ಹಸಿರನ್ನು ಬಿಡುತ್ತದೆ, ಎರಡೂ ಸೇರಿದಾಗ ಉಳಿಯುವುದು ಹಸಿರು. ಸ್ಕ್ರೀನಿನ ಅಚ್ಚ ನೀಲಿಯಲ್ಲಿ ಹಸಿರಿನ ಅಂಶ ಸೊನ್ನೆ. ಪುಡಿ ಕಲಸಿ ಕೈ ಕೊಳಕು ಮಾಡಿಕೊಂಡವರಿಗೆ ಇದು ಒಂದೇ ದಿನದಲ್ಲಿ ಹೊಳೆಯುತ್ತದೆ. ಬರೀ ಸ್ಕ್ರೀನಿನಲ್ಲೇ ಬೆಳೆದವರಿಗೆ ಏನು ಹೊಳೆಯಬೇಕೆಂಬುದೇ ತಿಳಿಯುವುದಿಲ್ಲ. ನನ್ನ ಮೊದಲ ಪುಸ್ತಕದ ರಾತ್ರಿ ಆಕಾಶ ಸ್ಕ್ರೀನಿನಲ್ಲಿ ನವಿಲುಗತ್ತಿನ ನೀಲಿ ಇತ್ತು. ಪ್ರೆಸ್ಸಿನಿಂದ ಬಂದಾಗ ನೇರಳೆ ಕೆಸರು. ಆರ್‌ಜಿಬಿಯಲ್ಲಿ ಅಂದರೆ ಸ್ಕ್ರೀನಿನ ಬಣ್ಣಗಳಲ್ಲಿ ಮಾಡಿ, ಸಿಎಂವೈಕೆ, ಅಂದರೆ ಅಚ್ಚಿನ ಶಾಯಿಗಳ ಬಣ್ಣದ ಪ್ರೂಫ್ ನೋಡದೆ ಕಳಿಸಿದ್ದೆ, ಎರಡು ರಾತ್ರಿ ನಿದ್ದೆ ಬರಲಿಲ್ಲ.

ಪಿಕ್ಸೆಲ್ ಲೆಕ್ಕವನ್ನೂ ಮೊದಲ ವರ್ಷವೇ ಕಲಿಸಿ. ಎ3 ಹಾಳೆಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಎಂದರೆ 3508 × 4961 ಪಿಕ್ಸೆಲ್. ಇನ್‌ಸ್ಟಾಗ್ರಾಮಿಗೆಂದು 1080 ಪಿಕ್ಸೆಲ್ ಅಗಲಕ್ಕೆ ಮಾಡಿದ ಚಿತ್ರ ಆ ಲೆಕ್ಕದಲ್ಲಿ ಅಚ್ಚಾಗುವುದು ಮೂರೂವರೆ ಇಂಚು ಚಿಲ್ಲರೆ. ಪ್ರದರ್ಶನದ ಹಿಂದಿನ ದಿನ ಇದು ಗೊತ್ತಾಗಿ ಅತ್ತ ಮಕ್ಕಳನ್ನು ನೋಡಿದ್ದೇನೆ.


ಕಾರ್ಟ್ರಿಡ್ಜ್ ಶೀಟ್ ಬರೆದದ್ದು:

ಮೇಡಂ, ನಾನು ನಿಮ್ಮ ಕಾಲೇಜಿನವನಲ್ಲ, ಬೇರೆ ಕಡೆ ಎರಡನೇ ವರ್ಷದ ವಿದ್ಯಾರ್ಥಿ. ನಾವು ಯಾಕೆ ಫೋಟೊ ತೆಗೆಯುತ್ತೇವೆ ಎಂದು ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಮೂರೂವರೆಗೆ ಇನ್ನೊಂದು ಬ್ಯಾಚ್ ಬಂದು ಸೆಟ್ ತೆಗೆದುಬಿಡುತ್ತದೆ. ಚಿತ್ರ ಅರ್ಧ ಆಗಿರುತ್ತದೆ. ಶುಕ್ರವಾರ ಸಬ್ಮಿಶನ್. ಹಾಸ್ಟೆಲಿನಲ್ಲಿ ಕೊಡ ಎಲ್ಲಿದೆ? ಫೋನಿನಲ್ಲಿ ಇರುವುದೇ ನಮ್ಮ ಕೊಡ. ಹಿಂದಿನ ಸಾಲಿನಲ್ಲಿ ಡಾಂಕಿ (ಕೂತು ಚಿತ್ರ ಬರೆಯುವ ಬೆಂಚು) ಸಿಕ್ಕಿದವರಿಗೆ ಮುಂದಿನವರ ತಲೆಯೇ ಕಾಣುವುದು, ಅವರೂ ಫೋಟೊ ತೆಗೆಯುತ್ತಾರೆ. ಹೊಸ ಶೀಟಿಗೆ ದುಡ್ಡು ಬೇಕು, ತಪ್ಪಾದರೆ ಭಯ. ಟ್ಯಾಬ್ಲೆಟ್ಟಿನಲ್ಲಿ ಆ ಭಯ ಇಲ್ಲ.

ಒಂದು ಸಂದೇಹ. ಫೋಟೊ ನೋಡಿ ಸರಿಯಾಗಿಯೇ ಅಳತೆ ತೆಗೆದರೂ ನನ್ನ ಕೊಡದ ಬಾಯಿ ಬೃಹತ್ತಾಗಿ, ತಳ ಚಿಕ್ಕದಾಗಿ ಬರುತ್ತದೆ. ಸರ್ ಕೈ ತಪ್ಪು ಎನ್ನುತ್ತಾರೆ.


ಮಸಿಮೀನು ಬರೆದದ್ದು:

ಕೈ ತಪ್ಪಲ್ಲ ತಮ್ಮ. ಕೊಡ ಫ್ರೇಮ್ ತುಂಬಲಿ ಎಂದು ಫೋನನ್ನು ಒಂದೂವರೆ ಅಡಿ ಹತ್ತಿರ, ಮೇಲಿನಿಂದ ಹಿಡಿದಿರುತ್ತೀಯ. ಅಷ್ಟು ಹತ್ತಿರದಿಂದ ಬಾಯಿಗೂ ತಳಕ್ಕೂ ದೂರದ ವ್ಯತ್ಯಾಸ ದೊಡ್ಡದು, ಹತ್ತಿರದ್ದು ಉಬ್ಬುತ್ತದೆ. ಡಾಂಕಿಯಲ್ಲಿ ಕೂತ ನಿನ್ನ ಕಣ್ಣಿಗೂ ಕೊಡಕ್ಕೂ ಆರೇಳು ಅಡಿ. ನೀನು ಫೋನಿನ ಕಣ್ಣಿಗೆ ಕಂಡದ್ದನ್ನು ಸರಿಯಾಗಿ ಬರೆದಿದ್ದೀಯ. ಫೋಟೊ ತೆಗೆಯಲೇಬೇಕಾದರೆ ಕೂತ ಜಾಗದಿಂದಲೇ, ಕಣ್ಣಿನ ಎತ್ತರದಲ್ಲಿ ಹಿಡಿದು ತೆಗೆ, ಆಮೇಲೆ ಕ್ರಾಪ್ ಮಾಡು.


ಇದ್ದಿಲುಕಡ್ಡಿ ಬರೆದದ್ದು:

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಡಿ ನೋಡಿಯೇ ಬರೆಯೋಣ ಎಂದುಕೊಂಡೆ.

ಮೊದಲು ಕಾರ್ಟ್ರಿಡ್ಜ್ ಶೀಟ್ ಅವರಿಗೆ. ನಿಮ್ಮ ಮಾತು ನನಗೆ ನಾಟಿತು. ನಮ್ಮಲ್ಲೂ ಸೆಟ್ ಸಂಜೆ ತೆಗೆಯುತ್ತಾರೆ, ನಾನೇ ತೆಗೆಸುತ್ತಿದ್ದೆ. ಈಗ ಮೇಜಿನ ಮೇಲೆ ಕೊಡದ ಸುತ್ತ, ಬದನೆಕಾಯಿಗಳ ಸುತ್ತ ಚಾಕ್‌ಪೀಸಿನಲ್ಲಿ ಗುರುತು ಹಾಕಿದ್ದೇವೆ, ನೆಲದ ಮೇಲೆ ಪ್ರತಿ ಡಾಂಕಿಯ ನಾಲ್ಕು ಕಾಲಿಗೂ. ಮಾರನೇ ದಿನ ಐದು ನಿಮಿಷದಲ್ಲಿ ಎಲ್ಲ ಮೊದಲಿನ ಜಾಗಕ್ಕೆ ಬರುತ್ತದೆ. ಬದನೆಕಾಯಿ ಮಾತ್ರ ದಿನೇ ದಿನೇ ಬಾಡುತ್ತಿದೆ, ಅದನ್ನೂ ಬರೆಯಲಿ ಎಂದು ಬಿಟ್ಟಿದ್ದೇನೆ. ಸೆಟ್ ನಾಳೆಯೂ ಇರುತ್ತದೆ ಎಂದು ಗೊತ್ತಾದ ಮೇಲೆ ಫೋನ್ ತೆಗೆದವರು ಇಬ್ಬರೇ. ಶೀಟಿನ ಭಯಕ್ಕೆ ಹಳೇ ನ್ಯೂಸ್‌ಪೇಪರ್ ಕಟ್ಟು ತರಿಸಿದೆ. ಅಚ್ಚಾದ ಅಕ್ಷರಗಳ ಮೇಲೆಯೇ ಇದ್ದಿಲಿನಲ್ಲಿ ಬರೆಯುತ್ತಾರೆ. ಯಾವ ಗೆರೆಗೂ ಹೆದರುತ್ತಿಲ್ಲ.

ಸರ್, ಗ್ಲಾಸು ಮಾಡಿಸಿದೆ. 22 ಮಕ್ಕಳು ಒಂದು ಕಣ್ಣು ಮುಚ್ಚಿ ಗ್ಲಾಸ್ ಇಳಿಸುತ್ತಾ ನಿಂತಿದ್ದರು, ಆಫೀಸಿನ ಅಟೆಂಡರ್ ಕೂಡ ಬಂದು ಒಂದು ಗ್ಲಾಸ್ ಹಿಡಿದು ನೋಡಿದರು. ನಮ್ಮ ಹುಡುಗ ಏನೂ ಹೇಳಲಿಲ್ಲ. ತನ್ನ ಹಳೇ ಚಿತ್ರ ತೆಗೆದು, ನೇರ ತಳವನ್ನು ಅಳಿಸದೆ, ಅದರ ಕೆಳಗೆ ಬಾಗಿದ ತಳ ಎಳೆದ. ಎರಡೂ ಈಗ ಹಾಗೇ ಇವೆ.

ಶನಿವಾರ ರೆಕಾರ್ಡರ್ ಹಾಕಿ ಅದೇ ಕೊಡವನ್ನು ಮೂರು ಟೋನಿನಲ್ಲಿ ಮಾಡಿಸಿದೆ. ಟ್ಯಾಬ್ಲೆಟ್ ನಾಲ್ಕೇ ಆದ್ದರಿಂದ ನಾಲ್ವರು ಮಾಡುವಾಗ ಉಳಿದವರು ಪಕ್ಕದಲ್ಲಿ ನಿಂತು ಅದೇ ಕೊಡವನ್ನು ನ್ಯೂಸ್‌ಪೇಪರಿನಲ್ಲಿ. ಅವನು ಈ ಸಲವೂ ಅಳಿಸಿದ, ಆರೇಳು ಸಲ. ಕೊನೆಗೆ ವೀಡಿಯೊ ಹಾಕಿ ಎಲ್ಲರೂ ನೋಡಿದೆವು. ಗೆರೆಗಳು ಬರುತ್ತಿದ್ದವು, ಮಾಯವಾಗುತ್ತಿದ್ದವು. ಎರಡನೇ ಗೆರೆ ಬಂದಾಗ "ನಿಲ್ಸಿ ಮೇಡಂ, ನಿಲ್ಸಿ" ಎಂದ. ನಿಲ್ಲಿಸಿದೆ. ಸ್ಕ್ರೀನ್ ಹತ್ತಿರ ಹೋಗಿ ಬಹಳ ಹೊತ್ತು ನೋಡಿ, "ಇದನ್ನ್ಯಾಕೆ ತೆಗೆದೆ ನಾನು?" ಎಂದು ಪಕ್ಕದವಳನ್ನು ಕೇಳಿದ.

ನಿಲ್ಲಿಸುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಗಳಿಗೆ ಹೇಳಿದ್ದೇನೆ. ಅವರಿಗೆ ಪೂರ್ತಿ ಒಪ್ಪಿಗೆ ಇಲ್ಲ, ಆದರೂ ಮುಂದಿನ ಶನಿವಾರ ಕ್ಲಾಸಿಗೆ ಬಂದು ಕೂರುತ್ತೇನೆ ಎಂದಿದ್ದಾರೆ. ನೀಲಿ-ಹಳದಿ ಪ್ರಯೋಗ ಅವತ್ತಿಗೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ಸಹಾಯ ಬೇಕು. ಒಬ್ಬ ಹುಡುಗಿ ಮೈಸೂರು ಶೈಲಿಯಲ್ಲಿ ಸರಸ್ವತಿ ಮಾಡಿದ್ದಾಳೆ, ಜೆಸ್ಸೋ (ಉಬ್ಬು ಕೆಲಸದ ಲೇಪ) ಮೇಲೆ ಚಿನ್ನದ ರೇಕು (ತೆಳು ಹಾಳೆ) ಕೂರಿಸಿ. ಪೋರ್ಟ್‌ಫೋಲಿಯೊಗೆಂದು ಸ್ಕ್ಯಾನ್ ಮಾಡಿದರೆ ಚಿನ್ನವೆಲ್ಲ ಕಂದು ಕಂದು. ಫೋಟೊಶಾಪ್‌ನಲ್ಲಿ ಹಳದಿ ಏರಿಸಿದರೆ ಅರಿಶಿನ ಬಳಿದ ಹಾಗೆ ಕಾಣುತ್ತದೆ.


ರೇಕು ಕೆಲಸ, ಮೈಸೂರು ಬರೆದದ್ದು:

ಸ್ಕ್ಯಾನರಿಗೆ ಹಾಕಬೇಡಿ ಮೇಡಂ. ರೇಕು ಕನ್ನಡಿ ಇದ್ದ ಹಾಗೆ. ಸ್ಕ್ಯಾನರಿನ ಬೆಳಕು ಓರೆಯಾಗಿ ಬಿದ್ದು ಆ ಕಡೆಗೇ ಹೊರಟುಹೋಗುತ್ತದೆ, ಅದರ ಕಣ್ಣಿಗೆ ಏನೂ ಸಿಗುವುದಿಲ್ಲ. ಗಾಜು ಒತ್ತಿ ಜೆಸ್ಸೋ ಕೂಡ ಹಾಳಾಗುತ್ತದೆ. ಚಿತ್ರವನ್ನು ಕಿಟಕಿಯ ಪಕ್ಕ ನೆಟ್ಟಗೆ ನಿಲ್ಲಿಸಿ, ಬಿಸಿಲು ನೇರ ಬೀಳಬಾರದು. ಕ್ಯಾಮೆರಾವನ್ನು ನಡುವಿಗೆ ಸರಿಯಾಗಿ ಸ್ಟ್ಯಾಂಡಿನ ಮೇಲಿಡಿ. ಕ್ಯಾಮೆರಾ ಹಿಂದೆ ಒಂದು ಬಿಳೀ ಪಂಚೆ ಹರಡಿ ಹಿಡಿಯಲು ಇಬ್ಬರನ್ನು ನಿಲ್ಲಿಸಿ, ಲೆನ್ಸ್‌ಗೆ ಮಾತ್ರ ಸಂದು ಬಿಡಿ. ಪಂಚೆಯ ಬಿಳುಪು ರೇಕಿನಲ್ಲಿ ಕಂಡಾಗ ಚಿನ್ನ ಚಿನ್ನವಾಗಿ ಬರುತ್ತದೆ. ಕಿಟಕಿ ಬೆಳಕು ಪಕ್ಕದಿಂದ ಇರುವುದರಿಂದ ಜೆಸ್ಸೋದ ಸಣ್ಣ ಉಬ್ಬಿಗೂ ನೆರಳು ಸಿಗುತ್ತದೆ. ಪಂಚೆಗೆ ನೀಲಿ ಜಾಸ್ತಿ ಹಾಕಿರಬಾರದು, ಅದೂ ಚಿನ್ನದಲ್ಲಿ ಕಾಣುತ್ತದೆ.