ಮಗಳು ರೇಷ್ಮೆ ಉಡಲ್ಲ ಅನ್ನುತ್ತಾಳೆ, ಧಾರೆಗೆ ಏನು ಉಡಿಸಲಿ?

ಕನಕಪುರದ ಅಮ್ಮ

ಮಾಘದಲ್ಲಿ ಮಗಳ ಮದುವೆ. ಛತ್ರ ಗೊತ್ತಾಯಿತು, ಅಡುಗೆಯವರಿಗೆ ಮುಂಗಡ ಕೊಟ್ಟಾಯಿತು. ಸೀರೆ ಮಾತ್ರ ಆಗಿಲ್ಲ. ರೇಷ್ಮೆ ಬೇಡವೇ ಬೇಡ ಅಂತ ಕೂತಿದ್ದಾಳೆ.

ಆದದ್ದು ಇಷ್ಟು. ಅವಳಿಗೆ ಹಕ್ಕಿ ನೋಡುವ ಹುಚ್ಚು. ರಣಹದ್ದು ನೋಡಬೇಕು ಅಂತ ಗೆಳತಿಯರ ಜೊತೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದಳು. ಬೆಳಗ್ಗೆಯಿಂದ ಕತ್ತು ಎತ್ತಿಕೊಂಡು ಕೂತರೂ ಕಂಡದ್ದು ಒಂದೇ ಅಂತೆ. ಬರುವಾಗ ಸುಮ್ನೆ ರೇಷ್ಮೆಗೂಡಿನ ಮಾರುಕಟ್ಟೆ ನೋಡಿ, ಹಾಗೇ ಗೂಡಿನಿಂದ ನೂಲು ಬಿಚ್ಚುವ ಒಂದು ರೀಲಿಂಗ್ ಯೂನಿಟ್ಟಿಗೂ ಹೊಕ್ಕಿದ್ದಾರೆ. ಕುದಿನೀರಿನಲ್ಲಿ ಕುಣಿಯುವ ಗೂಡು, ನೂಲು ಬಿಚ್ಚಿದ ಮೇಲೆ ಉಳಿಯುವ ಕಂದು ಹುಳು, ಆ ವಾಸನೆ. ಅವತ್ತಿಗೆ ಮುಗಿಯಿತು.

ನನ್ನ ಸಂಕಟ ಬೇರೆ. ನಾನು ಹುಳು ಮೇಯಿಸುವ ಮನೆಯಲ್ಲಿ ಬೆಳೆದವಳು. ನಡುಮನೆ ಹುಳುವಿಗೆ, ಜಗುಲಿ ನಮಗೆ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವುದಕ್ಕೆ ನಾವು ಹಾಗನ್ನುತ್ತೇವೆ) ಎದ್ದ ಮೇಲೆ ರಾತ್ರಿಯೆಲ್ಲ ಸೊಪ್ಪು ತಿನ್ನುವ ಸದ್ದು, ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ. ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಶಾಲೆಗೆ ಚಕ್ಕರ್. ನನ್ನ ಪಿಯುಸಿ ಫೀಸು, ಕಿವಿಯ ಓಲೆ, ಎರಡೂ ಗೂಡಿನ ದುಡ್ಡು. ಈಗ ಮಗಳು ಕೇಳುತ್ತಾಳೆ, "ಅಮ್ಮ, ಒಂದು ಸೀರೆಗೆ ಎಷ್ಟು ಹುಳು?" ಅಷ್ಟು ವರ್ಷ ಸಾಕಿದವಳು ನಾನು, ಆ ಲೆಕ್ಕ ಮಾಡಿಯೇ ಇರಲಿಲ್ಲ.

ಮೊನ್ನೆ ಅಂಗಡಿಯಲ್ಲಿ ಆರ್ಟ್ ಸಿಲ್ಕ್ ತೋರಿಸಿ "ಇದರಲ್ಲಿ ಹುಳು ಸಾಯಲ್ಲ ಮೇಡಂ" ಅಂದರು. ಇವಳು ಖುಷಿಯಾದಳು. ನನಗೆ ಕೊಡೆ ಬಟ್ಟೆ ಮುಟ್ಟಿದ ಹಾಗಾಯಿತು. ಆ ಕಡೆ ಬೀಗಿತ್ತಿ "ಧಾರೆಗೆ ರೇಷ್ಮೆ ಇಲ್ಲದೆ ಮಡಿ ಹೇಗೆ" ಅನ್ನುತ್ತಿದ್ದಾರೆ. ಅಹಿಂಸಾ ರೇಷ್ಮೆ ಅಂತಾರಲ್ಲ, ಅದು ನಿಜವಾ? ಗೊತ್ತಿರುವವರು ಹೇಳಿ.

ಬಾಣಸವಾಡಿ ತಾತ

ಮೈಸೂರ್ ಸಿಲ್ಕ್ ತಗೊಂಡು ಬೀರುವಿನಲ್ಲಿ ಇಡಮ್ಮ. ಮುಹೂರ್ತದ ಹೊತ್ತಿಗೆ ಅವಳೇ ಉಡುತ್ತಾಳೆ.

ಕನಕಪುರದ ಅಮ್ಮ

ತಾತ, ನನ್ನ ಮಗಳನ್ನು ನೀವು ನೋಡಿಲ್ಲ.

ಬಿಚ್ಚಾಣಿಕೆ ಮನೆ, ಶಿಡ್ಲಘಟ್ಟ

ಅಕ್ಕ, ನಮ್ಮ ತಂದೆ ರೀಲರ್. ಲೆಕ್ಕ ನಾನು ಹೇಳುತ್ತೇನೆ. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು. ಗೂಡು ಸುಮಾರಾಗಿದ್ದರೆ 8 ಕೆಜಿಯೂ ಆಗುತ್ತದೆ. ಒಂದು ಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಅರ್ಧ ಕೆಜಿ ನೂಲು ಹಿಡಿಯುವ ಸೀರೆಗೆ ಸುಮಾರು 2,000 ಹುಳು ಅಂತ ಇಟ್ಟುಕೊಳ್ಳಿ. ಮಗಳಿಗೆ ಮುಚ್ಚಿಡಬೇಡಿ.

ಬೇಯಿಸುವುದು ಯಾಕೆ ಅಂದರೆ, ದ್ವಿತಳಿ ಅನ್ನುವ ಜಾತಿಯ ಒಂದು ಒಳ್ಳೆ ಗೂಡಿನಲ್ಲಿ ಸಾವಿರ ಮೀಟರ್ ಹತ್ತಿರ ಒಂದೇ ಎಳೆ ಇರುತ್ತದೆ. ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬಂದರೆ ಆ ಎಳೆ ಚೂರುಚೂರು. ಆಮೇಲೆ ಬಿಚ್ಚಲು ಬರಲ್ಲ, ಹತ್ತಿಯ ಹಾಗೆ ನೂಲಬೇಕು. ಅಹಿಂಸಾ ರೇಷ್ಮೆ ಅಂದರೆ ಅದೇ. ಆಂಧ್ರದ ಕೈಮಗ್ಗ ಇಲಾಖೆಯಲ್ಲಿದ್ದ ಕುಸುಮ ರಾಜಯ್ಯ ಅನ್ನುವವರು ಅದನ್ನು ಬಳಕೆಗೆ ತಂದು ಪೇಟೆಂಟ್ ಕೂಡ ಪಡೆದರು. ಬಟ್ಟೆ ಮೆತ್ತಗೆ, ಚೆನ್ನಾಗಿರುತ್ತದೆ. ಆದರೆ ಮೈಸೂರ್ ಸಿಲ್ಕಿನ ಹೊಳಪು ಹುಡುಕಬೇಡಿ, ಸಿಗಲ್ಲ.

ನಿಜವಾ ಅಂತ ಕೇಳಿದಿರಲ್ಲ. ಚಿಟ್ಟೆ ಹೊರಗೆ ಬರುವುದು ನಿಜ. ಆದರೆ ಈ ಚಿಟ್ಟೆ ಹಾರಲ್ಲ. ತಿನ್ನಲೂ ಬರಲ್ಲ. ಕೆಲವು ದಿನ ಬದುಕಿ ನಾನೂರು ಚಿಲ್ಲರೆ ಮೊಟ್ಟೆ ಇಟ್ಟು ಸಾಯುತ್ತದೆ. ಅಷ್ಟೂ ಮೊಟ್ಟೆ ಒಡೆದರೆ ಸೊಪ್ಪು ಯಾರು ಹಾಕುತ್ತಾರೆ? ಇನ್ನು ಬಿತ್ತನೆ ಮೊಟ್ಟೆ ಮಾಡುವ ಕಡೆ, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಪೆಬ್ರಿನ್ ರೋಗ ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯಾರೂ ಸಾಯದ ರೇಷ್ಮೆ ನಾನಂತೂ ಕಂಡಿಲ್ಲ. ಅಸ್ಸಾಮಿನ ಏರಿ ರೇಷ್ಮೆಯ ಗೂಡಿನ ಬಾಯಿ ತೆರೆದೇ ಇರುತ್ತದೆ, ಕೊಲ್ಲದೆಯೂ ನೂಲಬಹುದು. ಅಲ್ಲಿಯೂ ಒಳಗಿನ ಹುಳುವನ್ನು ಸಾರು ಪಲ್ಯ ಮಾಡಿ ತಿನ್ನುತ್ತಾರೆ.

ನಮ್ಮ ಕಡೆಯದೂ ಒಂದು ಮಾತು ಹೇಳಿಬಿಡುತ್ತೇನೆ. ಹಿಪ್ಪುನೇರಳೆಗೆ ಕಂಡಕಂಡ ಔಷಧಿ ಹೊಡೆದರೆ ಮೊದಲು ಹುಳುವೇ ಸಾಯುತ್ತದೆ. ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಇದ್ದರೂ ಹುಳುವಿಗೆ ತಡೆಯಲ್ಲ. ಬೇರೆ ಯಾವ ಬೆಳೆಯವರಿಗೆ ಆ ಭಯ ಇದೆ?

ಬೆಂಕಿಪೊಟ್ಟಣ

ಆರ್ಟ್ ಸಿಲ್ಕ್ ಅಂದರೆ ಪಾಲಿಯೆಸ್ಟರ್ ಅಥವಾ ವಿಸ್ಕೋಸ್. ಸೆರಗಿನ ಕುಚ್ಚಿನಿಂದ ಎರಡು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ, ಪುಡಿಯಾಗುವ ಬೂದಿ: ರೇಷ್ಮೆ. ಕಾಗದದ ವಾಸನೆ: ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್, ಪೆಟ್ರೋಲಿಯಮ್ಮಿನ ಮಾಲು. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಬಿಟ್ಟು ಹೋಗುತ್ತದೆ. ಅದು ಮೋರಿಗೆ, ಕೆರೆಗೆ, ಮೀನಿನ ಹೊಟ್ಟೆಗೆ.

ರಣಹದ್ದು ನೋಡಿ ಬಂದ ಹುಡುಗಿಗೆ ಇದು ಅರ್ಥ ಆಗುತ್ತದೆ. ರಣಹದ್ದನ್ನು ಯಾರೂ ಬೇಕಂತ ಕೊಲ್ಲಲಿಲ್ಲ. ದನದ ನೋವಿಗೆ ಡೈಕ್ಲೋಫೆನಾಕ್ ಕೊಟ್ಟರು. ಆ ದನದ ಹೆಣ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟಿತು. 2006ರಲ್ಲಿ ದನಗಳಿಗೆ ಆ ಔಷಧಿ ನಿಲ್ಲಿಸುವ ಹೊತ್ತಿಗೆ ಹದ್ದೇ ಖಾಲಿ. ಬಾಣಲೆಯಲ್ಲಿ ಕಾಣುವ ಸಾವು ಒಂದು ಲೆಕ್ಕ. ಕಾಣದ್ದು ಇನ್ನೊಂದು ಲೆಕ್ಕ, ಅಲ್ವಾ?

ಹೆಗ್ಗೋಡಿನ ಸೊಸೆ

ಹತ್ತಿ ಸೀರೆ ಯಾರಿಗೂ ಯಾಕೆ ನೆನಪಾಗಲಿಲ್ಲ? ನಾನು ನನ್ನ ಧಾರೆಗೆ ಉಟ್ಟದ್ದು ಹತ್ತಿಯ ಕೈಮಗ್ಗದ್ದು. ನಮ್ಮಲ್ಲಿ ಭೀಮನಕೋಣೆಯ ಚರಕ ಅನ್ನುವ ಕೈಮಗ್ಗ ಸಂಘದವರು ಅಡಿಕೆ ಬೇಯಿಸಿದ ಚೊಗರಿನಲ್ಲೇ ಬಣ್ಣ ಹಾಕುತ್ತಾರೆ. ಒಗೆದಷ್ಟೂ ಹದವಾಗುವ ಕೆಂಪು ಅದು. ಕರಾವಳಿಯವರಿಗೆ ಕಿನ್ನಿಗೋಳಿಯ ತಾಳಿಪಾಡಿಯಲ್ಲಿ ನೇಯುವ ಉಡುಪಿ ಸೀರೆ ಇದೆ. ಇಳಕಲ್ಲಿನಲ್ಲಿ ಪೂರ್ತಿ ಹತ್ತಿಯದೂ ನೇಯುತ್ತಾರೆ, ಕೇಳಿ ತೆಗೆದುಕೊಳ್ಳಬೇಕು.

ಹತ್ತಿ ಹೊಲಕ್ಕೆ ಎಷ್ಟು ಔಷಧಿ ಹೊಡೆಯುತ್ತಾರೆ ಅಂತ ಶಿಡ್ಲಘಟ್ಟದವರು ಈಗ ಜಗಳಕ್ಕೆ ಬರುತ್ತಾರೆ, ಗೊತ್ತು. ಒಪ್ಪಿದೆ. ಬೀಗಿತ್ತಿಗೆ ಮಾತ್ರ ಇಷ್ಟು ಹೇಳಿ: ನೆನೆಸಿ, ಹಿಂಡಿ, ಯಾರೂ ಮುಟ್ಟದ ಹಾಗೆ ಗಳುವಿನ ಮೇಲೆ ಹರವಿದ ಹತ್ತಿ ಸೀರೆಯೇ ನಮ್ಮ ಅಜ್ಜಿಯ ಮಡಿ. ದಿನಾ ಒಗೆಯುವ ಕಷ್ಟಕ್ಕೆ ರೇಷ್ಮೆ ಬಂತು, ಅಷ್ಟೇ.

ಕನಕಪುರದ ಅಮ್ಮ

ಎಲ್ಲರದ್ದನ್ನೂ ಮಗಳಿಗೆ ಓದಿ ಹೇಳಿದೆ. ಕುಚ್ಚು ಸುಡಲು ಅಂಗಡಿಯವರು ಬಿಡಲಿಲ್ಲ, ಅದೇ ಉತ್ತರ ಅಂದುಕೊಂಡು ಎದ್ದು ಬಂದೆವು. ಎರಡು ಸಾವಿರ ಅಂದಾಗ ಸುಮ್ಮನಾದಳು. ಆಮೇಲೆ "ಅಜ್ಜಿ ಮನೆಯ ಒಂದು ಬೆಳೆಗೆ ಎಷ್ಟು?" ಅಂದಳು. ಹೇಳಲಿಲ್ಲ ನಾನು.

ನಿನ್ನೆ ಟ್ರಂಕು ತೆಗೆದೆ. ನನ್ನ ಧಾರೆ ಸೀರೆ, ಬಿಳಿ ಒಡಲು, ಕೆಂಪು ಅಂಚು. ಜರಿ ಕಪ್ಪಾಗಿದೆ. "ಇದರಲ್ಲಿ ನಮ್ಮ ಮನೆ ಹುಳುವಿನ ನೂಲು ಇದೆಯಾ?" ಅಂತ ಕೇಳಿದಳು. ಮಾರುಕಟ್ಟೆಯಲ್ಲಿ ಸುರಿದ ಮೇಲೆ ಯಾರ ಗೂಡು ಯಾರ ಸೀರೆಗೆ ಹೋಯಿತು ಅಂತ ಹೇಳಲು ಆಗುತ್ತದಾ? ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ಮುಂದೆ ಸ್ವಲ್ಪ ಹೊತ್ತು ನಿಂತಳು. ಹೂಂ ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಚರಕದ ಹತ್ತಿ ಸೀರೆ ನೋಡಲು ಸಾಗರದ ಕಡೆ ಹೋಗೋಣ ಅಂತಾನೂ ಇದ್ದಾಳೆ.

ಮಡಿಕೆಯ ಗೆರೆಯಲ್ಲಿ ಎರಡು ಕಡೆ ಸೀಳಿದೆ, ಗೇಣುದ್ದ. ಚಿಕ್ಕಪೇಟೆ ಕಡೆ ರಫು ಚೆನ್ನಾಗಿ ಮಾಡುವವರು ಯಾರಾದರೂ ಗೊತ್ತಾ?

ಬಿಚ್ಚಾಣಿಕೆ ಮನೆ, ಶಿಡ್ಲಘಟ್ಟ

ಅಕ್ಕ, ಮೊದಲು ಅದೇ ಗೆರೆಯಲ್ಲಿ ಮಡಚುವುದು ನಿಲ್ಲಿಸಿ. ಹಳೇ ಪಂಚೆಯಲ್ಲಿ ಸಡಿಲವಾಗಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಕಬಾರದು. ರಫು ಮಾಡುವವರನ್ನು ವಿಚಾರಿಸಿ ಸಂಜೆ ಬರೆಯುತ್ತೇನೆ.