ಮಳೆ ನಿಂತ ಮೇಲೆ ಕೋಳಿಗೂಡಿನ ಕೆಲಸ: ಎರಡು ದಿನದ ರಜೆಯಲ್ಲಿ ಯಾವುದು ಮೊದಲು?

ಕೇಳಿದವರು, ಸಾಗರದ ಹತ್ತಿರದ ಹಳ್ಳಿ

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ 15 ಕೋಳಿ ಇವೆ. ಅರ್ಧ ನಾಟಿ, ಅರ್ಧ ಗಿರಿರಾಜ. ನಾವಿಬ್ಬರೂ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೇವೆ. ವಾರವಿಡೀ ಅತ್ತೆ ಒಬ್ಬರೇ ನೋಡಿಕೊಳ್ಳುತ್ತಾರೆ. ದಸರಾ ಮುಗಿಯಿತು, ಮಳೆ ಹೊಳವಾಗಿದೆ. ಗೂಡಿನ ಹತ್ತಿರ ಹೋದರೆ ಕಣ್ಣು ಉರಿಯುವಷ್ಟು ಘಾಟು. ನಾಲ್ಕು ಹೇಟೆಗಳ ಗರಿ ಉದುರುತ್ತಿದೆ, ಮೊಟ್ಟೆಯೂ ನಿಂತಿದೆ. ಶನಿವಾರ-ಭಾನುವಾರ ಮಾತ್ರ ನಮ್ಮ ಕೈಗೆ ಸಿಗೋದು. ದೀಪಾವಳಿಯೊಳಗೆ ಏನೇನು ಮುಗಿಸಬೇಕು? ಯಾವುದು ಮೊದಲು?

ಕೊಪ್ಪದಿಂದ

ಮೊದಲು ಗೂಡು ಒಣಗಬೇಕು ಅಕ್ಕ. ಮಿಕ್ಕಿದ್ದೆಲ್ಲ ಆಮೇಲೆ.

ಮಳೆ ಬಿಟ್ಟ ಕೂಡಲೇ ಪೈಪು ಹಿಡಿದು ಗೂಡು ತೊಳೆಯುವವರು ಬಹಳ ಜನ. ದಯವಿಟ್ಟು ಆ ಕೆಲಸ ಮಾಡಬೇಡಿ. ನಿಮಗೆ ಬರುತ್ತಿರುವ ಘಾಟು ಅಮೋನಿಯಾದ್ದು. ಹಿಕ್ಕೆ ಒದ್ದೆಯಾಗಿ ಕೊಳೆತಾಗಲೇ ಅದು ಹುಟ್ಟೋದು. ಮರಿಗಳನ್ನು ಸಾಲಾಗಿ ಕೆಡವುವ ರಕ್ತಭೇದಿಯ ರೋಗಾಣು ಬಲಿಯುವುದಕ್ಕೂ ಬೆಚ್ಚಗಿನ ಒದ್ದೆ ನೆಲವೇ ಬೇಕು. ಅದಕ್ಕೆ ಇನ್ನಷ್ಟು ನೀರು ಹಾಕಿದರೆ ಯಾರಿಗೆ ಲಾಭ ಹೇಳಿ.

ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಶನಿವಾರ ಬೆಳಿಗ್ಗೆ ಕೋಳಿ ಹೊರಗೆ ಬಿಟ್ಟ ಕೂಡಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗೂಡಿನ ನೆಲಕ್ಕೆ ಹಾಸಿದ್ದ ಹಳೆ ಹೊಟ್ಟನ್ನು ಪೂರ್ತಿ ಗುದ್ದಲಿಯಲ್ಲಿ ಎಳೆದು ಹಾಕುತ್ತೇವೆ. ಮೂಲೆಯಲ್ಲಿ ಗಟ್ಟಿಯಾಗಿ ಅಂಟಿದ್ದನ್ನು ಕತ್ತಿಯಲ್ಲಿ ಕೆರೆಯಬೇಕು. ಕೋಳಿ ಕೂರುವ ಗಳ, ಮೊಟ್ಟೆ ಇಡುವ ಬುಟ್ಟಿ, ನೀರಿನ ಪಾತ್ರೆ ಎಲ್ಲ ಬಿಸಿಲಿಗೆ. ಬಾಗಿಲು, ಕಿಂಡಿ ತೆಗೆದಿಟ್ಟು ಮಧ್ಯಾಹ್ನದವರೆಗೆ ಗಾಳಿಯಾಡಲು ಬಿಡಿ. ಆಮೇಲೆ ಗೋಡೆಗೂ ನೆಲಕ್ಕೂ ಸುಣ್ಣ ಬಳಿಯಿರಿ. ಆ ರಾತ್ರಿ ಮಾತ್ರ ಕೋಳಿಗಳನ್ನು ಕೊಟ್ಟಿಗೆಯಲ್ಲಿ ಮಂಕರಿ ಮುಚ್ಚಿ ಮಲಗಿಸಿ. ಹಸಿ ಸುಣ್ಣದ ಮೇಲೆ ಓಡಾಡಿದರೆ ಕಾಲು ಸುಡುತ್ತದೆ. ಭಾನುವಾರ ನೆಲ ಒಣಗಿದ ಮೇಲೆ ಎರಡು-ಮೂರು ಇಂಚು ಹೊಸ ಭತ್ತದ ಹೊಟ್ಟು ಹರಡಿ. ನಮ್ಮ ಕಡೆ ತರಗೆಲೆ ಉದುರುವುದು ಬೇಸಿಗೆ ಹತ್ತಿರ ಬಂದಾಗ. ಹಾಗಾಗಿ ಈಗ ಮಿಲ್ಲಿನ ಹೊಟ್ಟೇ ಗತಿ.

ವಾರಕ್ಕೆರಡು ಸಲ ಅತ್ತೆಯವರು ಹೊಟ್ಟನ್ನು ಕೋಲಿನಲ್ಲಿ ಕೆದಕಿದರೆ ಸಾಕು. ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ ನೋಡಲಿ. ಕೈ ಬಿಟ್ಟ ಕೂಡಲೇ ಉದುರಿದರೆ ಸರಿಯಾಗಿದೆ. ಉಂಡೆಯಾಗಿ ನಿಂತರೆ ನೀರು ಜಾಸ್ತಿಯಾಗಿದೆ ಅಂತ ಅರ್ಥ, ಆ ಜಾಗದ ಹೊಟ್ಟು ಬದಲಿಸಬೇಕು. ನೀರಿನ ಪಾತ್ರೆ ಗೂಡಿನ ಒಳಗಿದ್ದರೆ ಅದರ ಸುತ್ತವೇ ಮೊದಲು ನೋಡಿ.

ಇನ್ನೊಂದು ಕೆಲಸ ರಾತ್ರಿದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಗಳದ ತುದಿ ನೋಡಿ, ಗೋಡೆಗೆ ತಾಗುವ ಜಾಗ. ಬೂದಿ ಚೆಲ್ಲಿದ ಹಾಗೆ ಕಾಣುವ ಪುಡಿ ನಡೆಯುತ್ತಿದ್ದರೆ ಅದು ನುಸಿ ಜಾತಿಯ ಕೋಳಿಹೇನು. ಬೆರಳಲ್ಲಿ ಒರೆಸಿದರೆ ಕೆಂಪು ಕಲೆ ಬೀಳುತ್ತದೆ, ರಕ್ತ ಕುಡಿದಿರುತ್ತದೆ. ಹಗಲು ಬಿದಿರಿನ ಸಂದಿಯಲ್ಲಿ ಅಡಗುವುದರಿಂದ ಕೋಳಿಯ ಮೈ ಹುಡುಕಿದರೆ ಸಿಗುವುದಿಲ್ಲ. ಸಂದಿಗೆಲ್ಲ ಕುದಿಯುವ ನೀರು ಹುಯ್ದು ಗಳ ಬಿಸಿಲಿಗೆ ಒಣಗಿಸಿ. ಒಂದು ವಾರ ಬಿಟ್ಟು ಮತ್ತೆ ಮಾಡಿ, ಯಾಕೆಂದರೆ ಮೊಟ್ಟೆಗಳು ಉಳಿದಿರುತ್ತವೆ.

ತೆಗೆದ ಹಳೆ ಹೊಟ್ಟನ್ನು ಹಾಗೇ ಗಿಡದ ಬುಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ. ಸೊಪ್ಪಿನ ಜೊತೆ ಗುಂಡಿಯಲ್ಲಿ ಎರಡು-ಮೂರು ತಿಂಗಳು ಕಳಿಯಲಿ. ಆಮೇಲೆ ಬಾಳೆಗೆ ಹಾಕಿ ನೋಡಿ.

ಮಂಡ್ಯದಿಂದ

ಗರಿ ಉದುರುವುದಕ್ಕೆ ಹೆದರಬೇಡಿ ಮೇಡಂ. ವರ್ಷ ದಾಟಿದ ಹೇಟೆಗಳು ಹಗಲು ಚಿಕ್ಕದಾಗುವ ಹೊತ್ತಿಗೆ ಹಳೆ ಗರಿ ಬಿಟ್ಟು ಹೊಸದು ಹಾಕುತ್ತವೆ. ಎರಡು-ಮೂರು ತಿಂಗಳು ಮೊಟ್ಟೆ ಇರುವುದಿಲ್ಲ. ಗರಿಯಲ್ಲಿ 80 ಪರ್ಸೆಂಟಿಗಿಂತ ಹೆಚ್ಚು ಪ್ರೋಟೀನೇ ಇರುವುದು. ಈಗ ಬರೀ ನುಚ್ಚು ಹಾಕಿದರೆ ಪಾಪ ಅವು ಎಲ್ಲಿಂದ ತರಬೇಕು? ಒಣಮೀನಿನ ತಲೆ, ಬೇಯಿಸಿದ ಹುರುಳಿ, ಗೆದ್ದಲು ಕೊಡಿ. ತೆಂಗಿನ ಸಿಪ್ಪೆ, ಸಗಣಿ ಒದ್ದೆ ಮಾಡಿ ಮಡಕೆಗೆ ತುಂಬಿ ಹುತ್ತದ ಹತ್ತಿರ ಬೋರಲು ಹಾಕಿದರೆ ಮರುದಿನಕ್ಕೆ ಗೆದ್ದಲು ಬಂದಿರುತ್ತದೆ. ಹೊಸ ಗರಿ ಮೊಳೆಯುವಾಗ ಮುಟ್ಟಿದರೆ ನೋಯುತ್ತದೆ, ಸುಮ್ನೆ ಹಿಡಿದೆತ್ತಬೇಡಿ.

ಆದರೆ ಕೋಳಿ ತೂಕಡಿಸುತ್ತಾ ಹಸಿರು ಭೇದಿ ಮಾಡುತ್ತಿದ್ದರೆ, ಕತ್ತು ತಿರುಚುತ್ತಿದ್ದರೆ ಅದು ಬೇರೆ. ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ತಕ್ಷಣ ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಿ. ಆ ರೋಗ ಬಂದ ಮೇಲೆ ಔಷಧಿ ಇಲ್ಲ, ಲಸಿಕೆ ಮಾತ್ರ ದಾರಿ. ಎಂಟು ವಾರ ದಾಟಿದ ಕೋಳಿಗೆ ಆರ್‌2ಬಿ ಲಸಿಕೆ ಚುಚ್ಚಿಸುತ್ತಾರೆ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ತೆರೆದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅದಕ್ಕೇ ಅಕ್ಕಪಕ್ಕದ ಮನೆಗಳನ್ನು ಸೇರಿಸಿಕೊಂಡು ಒಂದು ಭಾನುವಾರ ಮಾಡಿಸಿ. ಪಕ್ಕದ ಮನೆ ಕೋಳಿಗೆ ಲಸಿಕೆ ಆಗದಿದ್ದರೆ ನಿಮಗೂ ನೆಮ್ಮದಿ ಇಲ್ಲ. ಸೀಸೆಯನ್ನು ಐಸ್ ಇಟ್ಟ ಫ್ಲಾಸ್ಕಿನಲ್ಲೇ ತರಬೇಕು. ಮಂಕಾಗಿರುವ ಕೋಳಿಗೆ ಹಾಕಿಸಬೇಡಿ.

ಕುಂದಾಪುರದಿಂದ

ಒಂದೇ ಮಾತು ಸೇರಿಸುತ್ತೇನೆ. ಮಳೆಗೆ ಗೂಡಿನ ಬುಡದ ಮಣ್ಣು ಕೊಚ್ಚಿ ಹೋಗಿರುತ್ತದೆ, ಮುಂಗುಸಿ ಅಲ್ಲಿಂದಲೇ ನುಗ್ಗುವುದು. ಆರು ಮೂಲೆಯ ಕೋಳಿಬಲೆ ಕೋಳಿಯನ್ನು ಒಳಗೆ ಇಡುತ್ತದೆ ಅಷ್ಟೆ, ಹೊರಗಿನದನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ತಂದು ಒಂದಡಿ ನೆಲದೊಳಗೆ ಹೂಳಿ. ಖರ್ಚು ಜಾಸ್ತಿ, ಆದರೆ ಮಾಡಲೇಬೇಕಾದ ಖರ್ಚು. ದೀಪಾವಳಿ ರಾತ್ರಿ ಪಟಾಕಿ ಶುರುವಾಗುವ ಮೊದಲೇ ಕೋಳಿ ಗೂಡು ಸೇರಿರಲಿ. ಬೆದರಿ ಹಾರಿದವನ್ನು ಕತ್ತಲಲ್ಲಿ ಹುಡುಕುವುದು ಬಹಳ ಕಷ್ಟ.

ಅಮೆರಿಕದ ಒಹಾಯೊದಿಂದ

ನಾನೂ ಶಿರಸಿ ಕಡೆಯವಳು. ಇಲ್ಲಿ ನಮ್ಮ ಹಿತ್ತಲಲ್ಲೂ ಕೋಳಿ ಇವೆ. ಈಗ ಇಲ್ಲಿ ಎಲೆ ಉದುರುವ ಕಾಲ. ಒಣ ಎಲೆ ಚೀಲಗಟ್ಟಲೆ ತುಂಬಿಟ್ಟು ಚಳಿಗಾಲವಿಡೀ ಗೂಡಿಗೆ ಹಾಸುತ್ತೇವೆ. ಇಲ್ಲಿ ಡಿಸೆಂಬರ್ ಕೊನೆಗೆ ಹಗಲು ಒಂಬತ್ತೂವರೆ ಗಂಟೆಯೂ ಇರುವುದಿಲ್ಲ, ಹಾಗಾಗಿ ಮೊಟ್ಟೆ ಬೇಕು ಅನ್ನುವವರು ದೀಪ ಹಾಕುತ್ತಾರೆ. ನಿಮ್ಮಲ್ಲಿ 11 ಗಂಟೆಗಿಂತ ಕಡಿಮೆ ಆಗುವುದೇ ಇಲ್ಲ. ಅವು ವಿಶ್ರಾಂತಿ ತಗೊಳ್ಳಲಿ ಬಿಡಿ.

ಕೊಪ್ಪದವರು ಹೇಳಿದ್ದು ಇಲ್ಲಿನ ಹಿಮಕ್ಕೂ ನಿಜ. ಇಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗಲೂ ಒಣ ಗಾಳಿಯನ್ನು ಕೋಳಿ ತಡೆಯುತ್ತದೆ. ಗೂಡು ಪೂರ್ತಿ ಮುಚ್ಚಿ ಉಸಿರಿನ ತೇವ ಒಳಗೇ ನಿಂತರೆ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಆದ್ದರಿಂದ ಚಳಿ ಅಂತ ಟಾರ್ಪಾಲಿನಲ್ಲಿ ನಾಲ್ಕೂ ಕಡೆ ಬಿಗಿಯಬೇಡಿ. ಕೂತ ಕೋಳಿಯ ತಲೆಗಿಂತ ಮೇಲೆ ಗಾಳಿಗೆ ದಾರಿ ಇರಲಿ.

ರಾಣೆಬೆನ್ನೂರಿನಿಂದ

ನಮ್ಮ ಕಡೆ ಹೊಸ ಮೆಕ್ಕೆಜೋಳ ಬರುವ ಹೊತ್ತು ಇದು. ಅಗ್ಗಕ್ಕೆ ಸಿಗುತ್ತದೆ ಅಂತ ಹಸಿ ಕಾಳು ಚೀಲದಲ್ಲಿ ಕಟ್ಟಿಡಬೇಡಿ. ಬೂಷ್ಟು ಹಿಡಿದ ಕಾಳಿನ ವಿಷ ತೊಳೆದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ, ಕೋಳಿಯ ಈಲಿ ಕೆಡಿಸುತ್ತದೆ. ಶೇಂಗಾ ಹಿಂಡಿಗೂ ಇದೇ ಮಾತು. ಹಲ್ಲಲ್ಲಿ ಕಚ್ಚಿದರೆ ಕಟ್ ಅನ್ನುವಂತೆ ಒಣಗಿದ ಮೇಲೆ ತುಂಬಿ, ಚೀಲ ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಶನಿವಾರ ಗೂಡು, ಮುಂದಿನ ವಾರ ಮೆಶ್. ಲಸಿಕೆಗೆ ಪಕ್ಕದ ಮೂರು ಮನೆಯವರು ಒಪ್ಪಿದ್ದಾರೆ. ಒಂದು ನಾಟಿ ಹೇಟೆ ಕಾವಿಗೆ ಕೂತಿದೆ, ಬುಟ್ಟಿ ಬಿಟ್ಟು ಏಳುತ್ತಿಲ್ಲ. ಮೊಟ್ಟೆ ಇಡಬಹುದಾ?

ಕೊಪ್ಪದಿಂದ

ಖಂಡಿತ ಇಡಿ, ಆದರೆ ಗೂಡು ಒಣಗಿದ ಮೇಲೆ. ಮಳೆಗಾಲದ ಮರಿಗಿಂತ ಈಗಿನ ಮರಿ ಉಳಿಯುವುದು ಜಾಸ್ತಿ. 21 ದಿನ ಬೇಕು. ನಾಟಿ ಹೇಟೆಗೆ ಹತ್ತು-ಹನ್ನೆರಡು ಮೊಟ್ಟೆ ಸಾಕು, ಅದಕ್ಕಿಂತ ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗುತ್ತವೆ. ಬುಟ್ಟಿಯನ್ನು ಬೇರೆ ಕೋಳಿಗಳು ಬಾರದ ಕತ್ತಲೆ ಮೂಲೆಗೆ ರಾತ್ರಿ ಹೊತ್ತಲ್ಲೇ ಸರಿಸಿ. ಏಳನೇ ದಿನ ರಾತ್ರಿ ಒಂದೊಂದೇ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ. ಒಳಗೆ ಕೆಂಪು ನರ ಹರಡಿದ್ದರೆ ವಾಪಸ್ ಇಡಿ, ಪೂರ್ತಿ ತಿಳಿಯಾಗಿದ್ದರೆ ತೆಗೆದುಬಿಡಿ. ನೀವು ಶನಿವಾರ ಇಟ್ಟರೆ ಆ ಏಳನೇ ದಿನವೂ ಶನಿವಾರವೇ ಬರುತ್ತದೆ, ಅತ್ತೆಯವರಿಗೆ ಕಣ್ಣಿನ ಕೆಲಸ ತಪ್ಪುತ್ತದೆ.